ಮೊದಲಕ್ಷರವಿಲ್ಲದ ಪತ್ರ

ಚಾಮರಾಜಪೇಟೆಯ ಸಂಸ್ಕೃತ ಕಾಲೇಜಿನಲ್ಲಿ ನ್ಯಾಯಶಾಸ್ತ್ರದ ಗ್ರಂಥವಾದ ಅನ್ನಂಭಟ್ಟನ ತರ್ಕಸಂಗ್ರಹ ಓದುವಾಗ ಅಭಾವ, ಅಂದರೆ ಇಲ್ಲದಿರುವಿಕೆ, ನಾಲ್ಕು ಬಗೆ ಎಂದು ಬಾಯಿಪಾಠ ಮಾಡಿದ್ದೆ. ಮಡಕೆ ಹುಟ್ಟುವ ಮೊದಲಿನದು ಪ್ರಾಗಭಾವ, ಒಡೆದ ಮೇಲಿನದು ಪ್ರಧ್ವಂಸಾಭಾವ. ಈ ಎರಡನೆಯದಕ್ಕೆ ಆದಿ ಉಂಟು, ಅಂತ್ಯವಿಲ್ಲ. ಒಡೆದದ್ದು ಒಡೆದೇ ಹೋಯಿತು, ಅದೇ ಮಡಕೆ ಮತ್ತೆ ಬಾರದು. ಮುಂದೆ ಮಕ್ಕಳಿಗೂ ಇದನ್ನೇ ಹೇಳಿಕೊಟ್ಟೆ. ಹೋದ ತಿಂಗಳು ಬಸವೇಶ್ವರನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ಆ ಪಾಠ ಅಲುಗಾಡಿತು.

ಮೊಮ್ಮಗಳು ಇಂಜಿನಿಯರಿಂಗ್ ಮೂರನೇ ವರ್ಷ. ಡಿಜಿಟಲ್ ಫೊರೆನ್ಸಿಕ್ಸ್ ಅಸೈನ್‌ಮೆಂಟಿಗೆ ಒಂದು ಹಳೇ ಪೆನ್‌ಡ್ರೈವ್ ಬೇಕಿತ್ತು. ಅದರಲ್ಲಿ ಅಳಿಸಿದ ಫೈಲುಗಳನ್ನು ಬರೀ ಕಮಾಂಡುಗಳಿಂದ ಹೊರತೆಗೆದು ವರದಿ ಬರೆಯಬೇಕು. ನನ್ನದೊಂದನ್ನು ಕೊಟ್ಟೆ.

"ಇದರಲ್ಲಿ ಏನಿತ್ತು ತಾತ?"

"ಏನೂ ಇಲ್ಲಮ್ಮ, ಎಲ್ಲ ಅಳಿಸಿದೀನಿ."

ಮೊದಲು ಡಿಡಿ ಎಂಬ ಕಮಾಂಡಿನಿಂದ ಪೆನ್‌ಡ್ರೈವಿನ ಪಡಿಯಚ್ಚು ತೆಗೆದಳು, ಮೂಲವನ್ನು ಮುಟ್ಟಬಾರದು. ಆಮೇಲೆ ಎರಡಕ್ಕೂ ಎಸ್‌ಎಚ್‌ಎ-256 ಹ್ಯಾಶ್, 64 ಅಕ್ಷರಗಳ ಒಂದು ಸಾಲು. ಒಳಗೆ ಒಂದೇ ಬಿಟ್ ಬದಲಾದರೂ ಇಡೀ ಸಾಲು ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನಂತೆ, ಇಂಥ ಸಾಕ್ಷ್ಯವನ್ನು ಕೋರ್ಟಿಗೆ ಕೊಡುವಾಗಿನ ಪ್ರಮಾಣಪತ್ರದಲ್ಲಿ ಈ ಹ್ಯಾಶನ್ನೂ ಬರೆಯಬೇಕಂತೆ. ಅವಳು ಒಂದು ಸಾಲು ಓದಿದಳು, ನಾನು ಇನ್ನೊಂದನ್ನು ಓದಿ ತಾಳೆ ನೋಡಿದೆ. ನನ್ನಿಂದ ಆಗಬಹುದಾದ ಸಹಾಯ ಅಷ್ಟೇ.

ಎಫ್‌ಎಲ್‌ಎಸ್ ಎಂದು ಒತ್ತಿದಾಗ ಪಟ್ಟಿ ಬಂತು. ಒಂದು ಹೆಸರಿನ ಹಿಂದೆ ನಕ್ಷತ್ರ, ಅಂದರೆ ಅಳಿಸಿದ್ದು. 'ಪತ್ರ' ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ನಾನಿಟ್ಟ ಹೆಸರು. ಮೊದಲ 'ಪಿ' ಇಲ್ಲ, ಆ ಜಾಗದಲ್ಲಿ ಒಂದು ಅಡಿಗೆರೆ. ಫ್ಯಾಟ್ ಪದ್ಧತಿಯ ಪೆನ್‌ಡ್ರೈವಿನಲ್ಲಿ ಅಳಿಸು ಎಂದರೆ ಕಂಪ್ಯೂಟರ್ ಹೆಸರಿನ ಮೊದಲ ಬೈಟನ್ನು ಇ5 ಎಂದು ತಿದ್ದಿ, ಫೈಲು ಕೂತ ಜಾಗ ಖಾಲಿ ಎಂದು ಗುರುತು ಹಾಕುತ್ತದೆ, ಅಷ್ಟೇ. ಬರಹಕ್ಕೆ ಕೈ ಹಚ್ಚುವುದಿಲ್ಲ. ಮೇಲೆ ಬೇರೆ ಬರಹ ಬಂದು ಕೂರುವ ತನಕ ಹಳೆಯದು ಅಲ್ಲೇ ಇರುತ್ತದೆ.

ಫೈಲಿನ ಒಳಗಿನದನ್ನು ತೋರಿಸುವ ಐಕ್ಯಾಟ್ ಕಮಾಂಡಿಗೆ ಪರದೆಯ ತುಂಬ ಕಲಸುಮೇಲೋಗರ. ಅವಳಿಗೆ ಅರ್ಥವಾಗಲಿಲ್ಲ, ನನಗೆ ಆಯಿತು: ಅದು ಹಳೇ ನುಡಿ ಫಾಂಟಿನ ಕನ್ನಡ. 2011ರಲ್ಲಿ ಈ ಮನೆಯ ಪಾಲಿನ ಜಗಳದಲ್ಲಿ ಕೆಂಗೇರಿಯ ತಮ್ಮನಿಗೆ ಬರೆದು, ಕಳಿಸದೆ ಅಳಿಸಿದ ಪತ್ರ.

"ಫಾಂಟ್ ಹಾಕಲಾ ತಾತ?" ಎಂದವಳು ನನ್ನ ಮುಖ ನೋಡಿದಳು. ಫಾಂಟ್ ಹಾಕಿ, ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿಟ್ಟು ಒಳಗೆ ಹೋದಳು.

ಸಂಕಟದಿಂದ ಬರೆದ ಪತ್ರ ಎಂದೇ ಇಷ್ಟು ವರ್ಷ ನೆನಪಿಟ್ಟುಕೊಂಡಿದ್ದೆ. ಎರಡನೇ ಪ್ಯಾರಾದಲ್ಲಿ ಅವನ ಮಕ್ಕಳಿಗೆ ಶಾಪ ಹಾಕಿದ್ದೇನೆ. ಆ ಮಾತು ನನ್ನ ನೆನಪಿನಲ್ಲಿ ಇರಲೇ ಇಲ್ಲ. ಸ್ಮೃತಿಯನ್ನು, ಅಂದರೆ ನೆನಪನ್ನು, ನೈಯಾಯಿಕರು ಪ್ರಮೆ, ಅಂದರೆ ಯಥಾರ್ಥ ಜ್ಞಾನ, ಎಂದು ಏಕೆ ಒಪ್ಪುವುದಿಲ್ಲವೆಂದು ಆ ಮೇಜಿನ ಮುಂದೆ ತಿಳಿಯಿತು.

ಅಂದು ಅಳಿಸಿದಾಗ ಮನಸ್ಸು ಹಗುರವಾಗಿತ್ತು. ಅದನ್ನೇ ಪಶ್ಚಾತ್ತಾಪವೆಂದು ಲೆಕ್ಕಕ್ಕೆ ಹಿಡಿದುಬಿಟ್ಟೆ. ಪಾಪ ಕಾಯಿಕ, ವಾಚಿಕ, ಮಾನಸಿಕ ಎನ್ನುತ್ತೇವಲ್ಲ, ಆ ಶಾಪ ಇದರಲ್ಲಿ ಯಾವುದು? ಯಾರ ಕಿವಿಗೂ ಬಿದ್ದಿಲ್ಲ, ಆದರೆ ಬೆರಳು ಒತ್ತಿದ್ದು ನಿಜ. ನನ್ನ ಪಾಲಿಗೆ ಒಡೆದ ಮಡಕೆ. ತಮ್ಮನ ಪಾಲಿಗೆ ಇನ್ನೂ ಹುಟ್ಟದ ಮಡಕೆ, ಆ ಪತ್ರ ಅವನಿಗೆ ತಲುಪಿಯೇ ಇಲ್ಲ. ಪೆನ್‌ಡ್ರೈವಿನಲ್ಲೋ ಮಡಕೆ ಇದ್ದಲ್ಲೇ ಇತ್ತು. ಅದು ಅಲ್ಲೇ ಉಳಿಯಲು ಕಾರಣವೂ ಸ್ಪಷ್ಟ: ಆ ಜಾಗದ ಮೇಲೆ ನಾನು ಬೇರೇನೂ ಬರೆಯಲಿಲ್ಲ. ತಮ್ಮನಿಗೂ ಬರೆಯಲಿಲ್ಲ. ಮದುವೆ ಮುಂಜಿಗಳಲ್ಲಿ ಸಿಕ್ಕಾಗ "ಊಟ ಆಯ್ತಾ" ಅಂದದ್ದು ಬಿಟ್ಟರೆ ನಡುವೆ ಮಾತಿಲ್ಲ.

ಅವನು ಓದದ ಶಾಪಕ್ಕೆ ಅವನಲ್ಲೇ ಕ್ಷಮೆ ಕೇಳಬೇಕೆ? ಕೇಳಿದರೆ ಹುಟ್ಟದ ಮಡಕೆಯನ್ನು ನಾನೇ ಅವನ ಕೈಗೆ ಕೊಟ್ಟಂತೆ. ಹಗುರವಾಗುವುದು ಮತ್ತೆ ನಾನೇ, ಭಾರ ಹೊರುವುದು ಅವನು. ಕೇಳದಿದ್ದರೆ ಅಡಿಗೆರೆಯ ಹಿಂದೆ ಅದು ಹಾಗೇ ಕೂತಿರುತ್ತದೆ. ಶಾಸ್ತ್ರ ಓದಿದ ನನಗೆ ಉತ್ತರ ಸಿಕ್ಕಿಲ್ಲ.

ಮೊಮ್ಮಗಳು ಬಂದು, "ಸಿಕ್ಕಿದ್ದನ್ನೆಲ್ಲ ವರದಿಯಲ್ಲಿ ಬರೀಬೇಕು ತಾತ, ಇದನ್ನ ಬಿಟ್ಟುಬಿಡ್ಲಾ?" ಅಂದಳು. ಬಿಡಬೇಡ, ಹೆಸರು ಹೇಗೆ ಕಾಣುತ್ತದೋ ಹಾಗೇ ಬರಿ ಎಂದೆ. ಹೆಸರು, ಗಾತ್ರ, ಹ್ಯಾಶ್ ಬರೆದುಕೊಂಡಳು.

ಈ ಭಾನುವಾರ ವಿಜಯನಗರದಲ್ಲಿ ಮೆಟ್ರೊ ಹತ್ತಿ ಕೆಂಗೇರಿಗೆ ಹೋಗುತ್ತೇನೆ. ಬರುತ್ತೇನೆಂದು ಫೋನ್ ಮಾಡಿದ್ದಕ್ಕೆ ತಮ್ಮ, "ಊಟಕ್ಕೇ ಬಾರಣ್ಣ" ಅಂದ.