ಬೇರಿನಲ್ಲಿ ವಸಂತ ಎಣಿಸುವವರು

ಮಲೆನಾಡಿನ ಜೀರುಂಡೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಕಾಡು ತುಂಬ ಕೂಗುತ್ತದೆ. ಅಮೆರಿಕದ ಪೂರ್ವಭಾಗದಲ್ಲಿ ಅದರ ಬಳಗದ್ದೇ ಒಂದು ಜೀವ 17 ವರ್ಷ ಮಣ್ಣಿನೊಳಗಿದ್ದು, ಕೆಲವೇ ವಾರ ಕೂಗಿ ಸಾಯುತ್ತದೆ. 2021ರ ಮೇ ತಿಂಗಳಲ್ಲಿ ಮೇರಿಲ್ಯಾಂಡಿನ ನಮ್ಮ ಕೇರಿಯಲ್ಲಿ ಅವು ಎದ್ದವು. ಓಕ್ ಮರಗಳ ಬುಡದಲ್ಲೆಲ್ಲ ಬೆರಳು ತೂರುವಷ್ಟು ತೂತುಗಳು. ಬೇಲಿ, ಗೋಡೆಗಳ ಮೇಲೆ ಬೆನ್ನು ಸೀಳಿದ ಕಂದು ಪೊರೆಗಳು. ಎಲೆಗಳ ನಡುವೆ ಕೆಂಪು ಕಣ್ಣು, ಕಿತ್ತಳೆ ಗೆರೆಯ ರೆಕ್ಕೆ. ಕೂಗುವುದು ಗಂಡು ಮಾತ್ರ. ಹೊಟ್ಟೆಯ ಇಕ್ಕೆಲದ ಪೊರೆಯನ್ನು ಸ್ನಾಯು ಎಳೆದೆಳೆದು ಬಿಡುವಾಗ ಏಳುವ ಸದ್ದು ಅದು. ಬಿಸಿಲೇರಿದಂತೆ ಸದ್ದೂ ಏರಿ, ನಡುಹಗಲಲ್ಲಿ ಪಕ್ಕದವರ ಮಾತೇ ಕೇಳಿಸದು.

ಗೇಣುದ್ದ ಆಳದ ಮಣ್ಣು ಸುಮಾರು 18 ಡಿಗ್ರಿ ಸೆಲ್ಸಿಯಸ್‌ಗೆ ಕಾದಾಗ ಎಲ್ಲವೂ ಒಟ್ಟಿಗೆ ಮೇಲೇಳುತ್ತವೆ. ಹಕ್ಕಿ, ಅಳಿಲುಗಳು ಹೊಟ್ಟೆ ಬಿರಿಯ ತಿಂದರೂ ಮುಗಿಯದ ಆ ಸಂಖ್ಯೆಯೇ ಅವುಗಳಿಗೆ ರಕ್ಷೆ. ಲೆಕ್ಕ ತಪ್ಪಿ ಬೇರೆ ವರ್ಷ ಒಂಟಿಯಾಗಿ ಎದ್ದದ್ದಕ್ಕೆ ಉಳಿವು ಕಷ್ಟ. ಏಳುವ ದಿನವನ್ನು ಮಣ್ಣಿನ ಬಿಸಿ ಹೇಳುತ್ತದೆ, ಸರಿ. ಏಳುವ ವರ್ಷವನ್ನು ಹೇಳುವವರಾರು?

ಕ್ಯಾಲಿಫೋರ್ನಿಯಾದ ರಿಚರ್ಡ್ ಕಾರ್ಬನ್ ಮತ್ತು ಸಂಗಡಿಗರು 15 ವರ್ಷದ ಮರಿಗಳನ್ನು ಪೀಚ್ ಮರಗಳ ಬೇರಿಗೆ ಸೇರಿಸಿ, ಆ ಮರಗಳು ಒಂದೇ ವರ್ಷದಲ್ಲಿ ಎರಡು ಸಲ ಹೂಬಿಡುವಂತೆ ಮಾಡಿದರು. ಮರಿಗಳು ಒಂದು ವರ್ಷ ಮೊದಲೇ ಎದ್ದುಬಂದವು. 2000ದಲ್ಲಿ ಈ ಪ್ರಯೋಗದ ವಿವರ ಪ್ರಕಟವಾಯಿತು. ಕತ್ತಲಲ್ಲಿ ಬೇರಿನ ರಸ ಹೀರುತ್ತಲೇ ಅವು ಮರದ ವಸಂತಗಳನ್ನು ಎಣಿಸುತ್ತವೆ! ಎಣಿಸಿದ ಲೆಕ್ಕ ಆ ಪುಟ್ಟ ಮೈಯಲ್ಲಿ ಎಲ್ಲಿ ಉಳಿದಿರುತ್ತದೆಂಬುದು ಇನ್ನೂ ಬಗೆಹರಿದಿಲ್ಲ. ಇಷ್ಟು ತಿಳಿದ ಮೇಲೆ ನನ್ನ ಬೆರಗು ಹೆಚ್ಚೇ ಆಯಿತು.

ಇದೇ ಮೇರಿಲ್ಯಾಂಡಿನಲ್ಲಿ ಬೆಂಜಮಿನ್ ಬ್ಯಾನಕರ್ ಇದ್ದರು. ಗುಲಾಮಗಿರಿಯ ಕಾಲದಲ್ಲಿ ಸ್ವತಂತ್ರರಾಗಿ ಬಾಳಿದ ಕಪ್ಪುಜನಾಂಗದ ರೈತ. ಗ್ರಹಣಗಳ ಲೆಕ್ಕ ಹಾಕಿ ಪಂಚಾಂಗ ಪ್ರಕಟಿಸಿದವರು. 1749ರಲ್ಲಿ, ತಮ್ಮ 17ನೆಯ ವಯಸ್ಸಿನಲ್ಲಿ, ಈ ಹುಳುಗಳು ಫಸಲನ್ನು ಹಾಳುಮಾಡುತ್ತವೆಂದು ಹೆದರಿ ಕೊಲ್ಲಹೊರಟಿದ್ದರು. 1766ರಲ್ಲಿ, 1783ರಲ್ಲಿ ಮತ್ತೆ ಕಂಡಾಗ ಹೆದರಿಕೆ ಹೋಗಿ ಲೆಕ್ಕ ಮೂಡಿತು. 1800ರಲ್ಲಿ ಬರುತ್ತವೆಂದು ಕಾದರು, ಬಂದವು. ದೀರ್ಘಾಯುಷಿಗೂ ದಕ್ಕುವುದು ಇಂಥ ನಾಲ್ಕೈದು ಭೇಟಿ ಮಾತ್ರ.

2021ರಲ್ಲಿ ಹೆಣ್ಣುಗಳು ರೆಂಬೆ ಸೀಳಿ ಇಟ್ಟ ಮೊಟ್ಟೆಗಳು ಒಡೆದವು. ಮರಿಗಳು ನೆಲಕ್ಕುದುರಿ ಮಣ್ಣು ಸೇರಿದವು. ತಂದೆತಾಯಿಯನ್ನು ಅವು ಕಂಡೇ ಇಲ್ಲ. ಆದರೂ ಬೇರಿಗೆ ಬಾಯಿಟ್ಟು 2038ರತ್ತ ಎಣಿಸುತ್ತಿವೆ. ಮರ ಕಡಿದು ಕಾಂಕ್ರೀಟು ಹಾಸಿದಲ್ಲಿ ಆ ಎಣಿಕೆ ನಡುವೆಯೇ ನಿಲ್ಲುತ್ತದೆ. ಕನೆಕ್ಟಿಕಟ್ ರಾಜ್ಯದಲ್ಲಿ 1954ರಲ್ಲಿ ಕಂಡ ಒಂದು ತಂಡ 1971ರಲ್ಲಿ ಬರಲೇ ಇಲ್ಲ. ಹಾಗಾಗಿ ಬೆರಗುಪಟ್ಟವರಿಗೆ ಒಂದು ಹೊಣೆಯೂ ಇದೆ. ಮರವನ್ನು 17 ವಸಂತ ನಿಲ್ಲಗೊಡುವುದು ನಮ್ಮ ಪಾಲಿನ ಕೆಲಸ. ಲೆಕ್ಕವನ್ನು ಅವು ನೋಡಿಕೊಳ್ಳುತ್ತವೆ.