ಯಾಕೆ ಹೋಗಬೇಕಿತ್ತು?

2025ರ ಜೂನ್ 5, ಗುರುವಾರ. ತುಮಕೂರು ರೈಲ್ವೆ ಸ್ಟೇಷನ್ ಹತ್ತಿರದ ಹೋಟೆಲೊಂದರಲ್ಲಿ ಬೆಳಗ್ಗೆ ತಟ್ಟೆ ಇಡ್ಲಿ ತಿನ್ನುತ್ತಾ, ಎದುರು ಕೂತ ಸ್ನೇಹಿತರಿಗೆ ಕೇಳುವಷ್ಟು, ಅಂದರೆ ಇಡೀ ಹೋಟೆಲಿಗೆ ಕೇಳುವಷ್ಟು ಗಟ್ಟಿಯಾಗಿ ನಾನು ಹೇಳಿದೆ: "ಕೆಲಸ ಕಾರ್ಯ ಇರೋರು ಬುಧವಾರ ಮಧ್ಯಾಹ್ನ ಅಲ್ಲಿಗೆ ಹೋಗ್ತಾರೇನ್ರೀ? ಯಾಕೆ ಹೋಗ್ಬೇಕಿತ್ತು?"

ಹಿಂದಿನ ದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತದಲ್ಲಿ 11 ಜನ ಸತ್ತಿದ್ದರು. ಆರ್‌ಸಿಬಿ ಮೊದಲ ಸಲ ಕಪ್ ಗೆದ್ದ ಸಂಭ್ರಮಕ್ಕೆ ಆಗ ಇನ್ನೂ ಪೂರಾ ಒಂದು ದಿನ ಕೂಡ ಆಗಿರಲಿಲ್ಲ.

ಚಟ್ನಿ ಬಡಿಸುತ್ತಿದ್ದ ಹುಡುಗ "ನಾನೂ ಹೋಗಿದ್ದೆ ಸಾರ್" ಅಂದ. ಗುಬ್ಬಿ ಕಡೆಯ ಹಳ್ಳಿಯವನು. ಬೆಳಗಿನ ಐದರಿಂದ ಮಧ್ಯಾಹ್ನದವರೆಗೆ ಕೆಲಸ ಮಾಡಿ, ಉಳಿದ ಪಾಳಿಗೆ ಇನ್ನೊಬ್ಬನನ್ನು ಒಪ್ಪಿಸಿ, ಅವನಿಗೆ ತನ್ನ ಅರ್ಧ ದಿನದ ಕೂಲಿ ಬಿಟ್ಟುಕೊಟ್ಟು ರೈಲು ಹತ್ತಿದ್ದನಂತೆ. ರಾತ್ರಿ ಒಂದು ಕಾಲಿನ ಚಪ್ಪಲಿ ಕಳಕೊಂಡು ವಾಪಸ್ಸು ಬಂದು, ಮತ್ತೆ ಐದಕ್ಕೆ ಹೋಟೆಲಿನಲ್ಲಿ ಹಾಜರು. "ಹದಿನೆಂಟು ವರ್ಷ ಕಾದಿದ್ವಲ್ಲ ಸಾರ್, ಒಂದ್ಸಲ ನೋಡ್ಕಂಡ್ ಬರಾಣ ಅಂತ." ಅವನಿಗೇ ಹತ್ತೊಂಬತ್ತೋ ಇಪ್ಪತ್ತೋ ಇರಬೇಕು. ಬೇರೆ ದಿನವಾಗಿದ್ದರೆ ನಗುತ್ತಿದ್ದೆವು. ಕೆಲಸ ಇಲ್ಲದವರು ಎಂದು ನಾನು ಅಂದದ್ದು, ಆ ಬುಧವಾರ ನಾನು ಹಾಸಿಗೆ ಬಿಟ್ಟೇಳುವ ಮೊದಲೇ ನೂರು ಇಡ್ಲಿ ಬಡಿಸಿದ್ದವನ ಮುಂದೆ.

ಅಭಿಪ್ರಾಯ ಹೇಳುವುದೇ ತಪ್ಪು ಅನ್ನಲಾರೆ. ಅದಿಲ್ಲದೆ ನಮ್ಮಲ್ಲಿ ಬೆಳಗಾಗುವುದಿಲ್ಲ. ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಮೇಲೋ ಬಿಡದಿಯದು ಮೇಲೋ ಎಂಬ ವ್ಯಾಜ್ಯ ನಾನು ಹುಡುಗನಾಗಿದ್ದಾಗಿನಿಂದ ನಡೆಯುತ್ತಿದೆ. (ಬಿಡದಿ ಪರ ವಾದಿಸುವವರಿಗೆ ತುಮಕೂರಿನಲ್ಲಿ ಬಾಡಿಗೆಗೆ ಮನೆ ಹೇಗೆ ಸಿಗುತ್ತದೋ!) ಕುಣಿಗಲ್‌ನಲ್ಲಿ ನನಗೊಬ್ಬ ಸೋದರಮಾವ ಇದ್ದರು. ಟಿಪ್ಪು ಕಾಲದಿಂದ ಹೆಸರಾದ ಅಲ್ಲಿನ ಕುದುರೆ ಫಾರಂನ ಬೇಲಿಯಾಚೆ ನಿಂತು, ಮರಿಗಳನ್ನು ನೋಡಿ, "ಇದು ಓಡುತ್ತೆ, ಇದು ಓಡಲ್ಲ" ಎಂದು ತೀರ್ಪು ಕೊಡುತ್ತಿದ್ದರು. ಜೀವಮಾನದಲ್ಲಿ ಒಂದು ರೇಸು ನೋಡಿದವರಲ್ಲ, ಒಂದು ರೂಪಾಯಿ ಕಟ್ಟಿದವರಲ್ಲ. ಅದರಿಂದ ಯಾವ ಕುದುರೆಗೂ ನಷ್ಟವಾಗಲಿಲ್ಲ. ಕೊಹ್ಲಿ ಆ ಬಾಲನ್ನು ಬಿಡಬೇಕಿತ್ತು ಎಂದು ನಾವು ಹೇಳುವುದೂ ಅದೇ ಜಾತಿಯ ಮಾತು.

ಇದೇ ಮಾತು ಯಾವಾಗ ಇನ್ನೊಬ್ಬರ ಮೈಮೇಲೆ ಹೋಗಿ ಬೀಳುತ್ತದೆ ಎಂಬುದು ಪ್ರಶ್ನೆ. 2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್‌ನ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದರು. ಆಗ ನಾನು ದಿನಾ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಿದ್ದೆ. ನಮ್ಮ ಬೋಗಿಯಲ್ಲಿ ಆ ವಾರ ಬೇರೆ ಮಾತಿಲ್ಲ. ಪೀಣ್ಯದ ಕಾರ್ಖಾನೆಯೊಂದರ ಫಿಟ್ಟರ್ ಲೆಕ್ಕ ಹಾಕಿದರು: 1948ರ ಕಾರ್ಖಾನೆ ಕಾಯ್ದೆ ಹೇಳುವುದು ವಾರಕ್ಕೆ 48 ಗಂಟೆ. ಮನೆ ಬಾಗಿಲಿಂದ ಕಾರ್ಖಾನೆ ಗೇಟಿಗೆ ಹೋಗಲು ಎರಡು, ಬರಲು ಎರಡು. ಆರು ದಿನಕ್ಕೆ 24. ಒಟ್ಟು 72. "ಮೂರ್ತಿಯೋರಿಗೆ ಎರಡು ಗಂಟೆ ನಾನೇ ಸಾಲ ಕೊಟ್ಟಿದೀನಿ" ಅಂದರು. ಮೂರ್ತಿಯವರು ತಾವು ಅದಕ್ಕಿಂತ ಹೆಚ್ಚು ದುಡಿದವರೆಂದು ಹೇಳಿಕೊಂಡಿದ್ದಾರೆ, ನಾನದನ್ನು ಅನುಮಾನಿಸುವುದಿಲ್ಲ. ಆದರೆ ತಾನು ಕಟ್ಟಿದ ಕಂಪನಿಗೆ ದುಡಿಯುವುದೂ ಇನ್ನೊಬ್ಬರ ಲೇತಿನ ಮುಂದೆ ನಿಲ್ಲುವುದೂ ಒಂದೇ ಅಲ್ಲವಲ್ಲ. ನಮ್ಮ ದಿನ ಹೇಗೆ ಕಳೆಯುತ್ತದೆಂದು ನೋಡದವರು ನಮ್ಮ ದಿನಕ್ಕೆ ಬೆಲೆ ಕಟ್ಟಿದರು ಎಂದು ನಮಗೆಲ್ಲ ಸಿಟ್ಟು.

ಅದೇ ಬೋಗಿಯಲ್ಲಿ, ಅದೇ ತಿಂಗಳುಗಳಲ್ಲಿ ಶಕ್ತಿ ಯೋಜನೆಯ ಮಾತೂ ಆಗುತ್ತಿತ್ತು. ಆ ವರ್ಷ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ. "ಬಿಟ್ಟಿ ಅಂತ ಸುಮ್‌ಸುಮ್ನೆ ತಿರುಗ್ತಾರೆ" ಎಂದು ಯಾರೋ ಅಂದರೆ ಉಳಿದವರು ತಲೆದೂಗುತ್ತಿದ್ದೆವು. ನಾನೂ ದೂಗಿದ್ದೇನೆ. ನಮ್ಮ ಬೀದಿಯ ಮೂರು ಮನೆಗಳಲ್ಲಿ ಪಾತ್ರೆ ತೊಳೆಯುವ ಹೆಂಗಸು ಗುಬ್ಬಿಯಿಂದ 20 ಕಿಲೋಮೀಟರು ಬಸ್ಸಿನಲ್ಲಿ ಬರುತ್ತಾರೆ. ಇವರ ಉದಾಹರಣೆ ಕೊಟ್ಟು ನಾನು ಯೋಜನೆಯ ಪರ ವಾದಿಸಬಹುದಿತ್ತು, ವಾದಿಸಲಿಲ್ಲ. ಆಮೇಲೊಮ್ಮೆ ನನ್ನ ಹೆಂಡತಿಗೆ ಅವರು ಹೇಳಿದರಂತೆ: "ಧರ್ಮಸ್ಥಳ ನೋಡೇ ಇರ್ಲಿಲ್ಲ ಅಕ್ಕ, ಹೋಗಿ ಬಂದೆ." ಅಂದರೆ ಸುಮ್ಮನೆ ತಿರುಗಿದ್ದೂ ನಿಜವೇ. ಸುಮ್ಮನೆ ತಿರುಗಲು ನಾನು ಯಾವತ್ತು ಯಾರ ಅಪ್ಪಣೆ ಕೇಳಿದ್ದೆ?

ಸಿದ್ಧಗಂಗೆಯ ನೆರಳಿನಲ್ಲಿ ಬೆಳೆದವರಿಗೆ ಆಯ್ದಕ್ಕಿ ಲಕ್ಕಮ್ಮನ ಕತೆ ಹೊಸದಲ್ಲ. ಗಂಡ ಮಾರಯ್ಯ ಕಲ್ಯಾಣದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ತಂದ. ಹೆಚ್ಚಾದದ್ದನ್ನು ತಂದಲ್ಲೇ ಸುರಿದು ಬಾ ಎಂದು ಲಕ್ಕಮ್ಮ ವಾಪಸ್ಸು ಕಳಿಸಿದಳು. ಚಿಕ್ಕಂದಿನಲ್ಲಿ ಇದನ್ನು ದುರಾಸೆಯ ಕತೆ ಎಂದು ಕೇಳಿಸಿಕೊಂಡಿದ್ದೆ. ದುಡಿಮೆ, ಹಣದ ಬಗ್ಗೆ ಇಷ್ಟು ಖಂಡಿತವಾಗಿ ಮಾತಾಡಿದವರು ಕಡಿಮೆ, ನಿಜ. ಆದರೆ ಆಕೆ ಮಾತಾಡಿದ್ದು ತನ್ನ ಒಲೆಯ ಮೇಲಿನ ಗಡಿಗೆಯ ಬಗ್ಗೆ. ಆ ಮಾತಿನಿಂದ ಕಡಿಮೆಯಾಗುತ್ತಿದ್ದದ್ದು ಆಕೆಯ ತುತ್ತೂ ಹೌದು. ನನ್ನ ಮಾತಿನಿಂದ ನನ್ನ ತಟ್ಟೆಯಲ್ಲಿ ಏನೂ ಕಡಿಮೆಯಾಗುತ್ತಿರಲಿಲ್ಲ.

ಹಾಗೆಂದು ನೋವಾದವರು ಮಾತ್ರ ಬಾಯಿ ಬಿಡಬೇಕು ಎಂದರೆ ಅದೂ ಕೆಟ್ಟ ನ್ಯಾಯ. ಸುಮಾರು 35,000 ಜನ ಹಿಡಿಯುವ ಜಾಗಕ್ಕೆ ಲಕ್ಷಗಟ್ಟಲೆ ಜನ ಬರುವಂತೆ ಮಾಡಿದ್ದು ಹೇಗೆ, ಗೆದ್ದ ಮಾರನೆಯ ದಿನವೇ ಅದನ್ನು ಮಾಡಬೇಕಿತ್ತೇ, ಗೇಟುಗಳಲ್ಲಿ ಏನಾಯಿತು ಎಂದು ಕ್ರಿಕೆಟ್ ಗೊತ್ತಿಲ್ಲದವರೂ ಕೇಳಬೇಕು. ಸರ್ಕಾರ ನ್ಯಾಯಮೂರ್ತಿ ಜಾನ್ ಮೈಕಲ್ ಕುನ್ಹ ಅವರ ಆಯೋಗ ನೇಮಿಸಿದ್ದು ಇಂಥವನ್ನು ವಿಚಾರಿಸಲಿಕ್ಕೇ. ಇವುಗಳಿಗೆ ಉತ್ತರ ಕೊಡಬೇಕಾದವರು ಬದುಕಿದ್ದಾರೆ, ಕುರ್ಚಿಗಳಲ್ಲಿ ಕೂತಿದ್ದಾರೆ. ನಾನು ಕೇಳಿದ್ದು ಉತ್ತರ ಕೊಡಲಾರದವರನ್ನು. ಯಾಕೆ ಹೋದರು ಎಂದು ಕೇಳಿಬಿಟ್ಟರೆ ಉಳಿದ ಪ್ರಶ್ನೆಗಳನ್ನು ಕೇಳುವ ಶ್ರಮವೂ ಇರುವುದಿಲ್ಲ. ನಾವು ಇಡ್ಲಿ ಮುಗಿಸಿ ಎದ್ದು ಹೋಗಬಹುದು.

ಹೋಟೆಲಿನಿಂದ ಮನೆಗೆ ನಡೆಯುತ್ತಾ ನನಗೆ ನೆನಪಾದದ್ದು 1996ರ ಮಾರ್ಚ್ 9. ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತ–ಪಾಕಿಸ್ತಾನ, ಅದೇ ಚಿನ್ನಸ್ವಾಮಿ. ಅಪ್ಪನಿಗೆ ಇಂಟರ್‌ವ್ಯೂ ಇದೆ ಎಂದು ಸುಳ್ಳು ಹೇಳಿ, ಅವರಿಂದಲೇ ಬಸ್ ಚಾರ್ಜು ಇಸಕೊಂಡು, ಟಿಕೆಟ್ ಇಲ್ಲದೆ ಹೋಗಿದ್ದೆ. ಕೆಲಸ ಇರಲಿಲ್ಲ. ಹೊರಗೆ ರಸ್ತೆಯಲ್ಲೇ ನಿಂತಿದ್ದೆ. ಕೊನೆಯಲ್ಲಿ ಅಜಯ್ ಜಡೇಜ ವಕಾರ್ ಯೂನಿಸ್‌ಗೆ ಹೊಡೆಯುತ್ತಿದ್ದಾಗ ನನಗೆ ಒಂದು ಬಾಲೂ ಕಾಣಲಿಲ್ಲ, ಒಳಗಿನ ಗದ್ದಲ ಕೇಳಿಯೇ ಗುರುತಿಲ್ಲದವರ ಹೆಗಲ ಮೇಲೆ ಕೈಹಾಕಿ ಕುಣಿದೆ. ಭಾರತ 39 ರನ್ನಿನಿಂದ ಗೆದ್ದಿತು. ಆ ರಾತ್ರಿ ನೂಕುನುಗ್ಗಲಿನಲ್ಲಿ ನಾನು ಬಿದ್ದಿದ್ದರೆ, ಮಾರನೆಯ ಬೆಳಗ್ಗೆ ಯಾವುದೋ ಹೋಟೆಲಿನಲ್ಲಿ ಯಾರೋ ಒಬ್ಬರು ನನ್ನ ಬಗ್ಗೆ ಹೇಳಬಹುದಾಗಿದ್ದ ಮಾತು ನನಗೆ ಬಾಯಿಪಾಠವಿದೆ. ಅಪ್ಪ ಅದನ್ನು ಪೇಪರು ಓದುತ್ತಾ ಕೇಳಿಸಿಕೊಳ್ಳುತ್ತಿದ್ದರು.

ಒಂದು ವಾರ ಆ ಹೋಟೆಲಿಗೆ ಹೋಗಲಿಲ್ಲ. ಹೋದ ದಿನ ಹುಡುಗ ಎಂದಿನಂತೆ ನೀರು ಇಟ್ಟ. ಕಾಲಲ್ಲಿ ಹೊಸ ಚಪ್ಪಲಿ. ಕ್ಷಮಿಸು ಎನ್ನಲು ಬಾಯಿ ಬರಲಿಲ್ಲ, 1996ರ ಕತೆ ಹೇಳಿದೆ.

"ಒಳಗ್ ಬಿಟ್ರಾ ಸಾರ್?"

"ಇಲ್ಲಪ್ಪ."

"ನಮ್ಮನ್ನೂ ಬಿಡ್ಲಿಲ್ಲ" ಅಂದು, ಎಷ್ಟು ಇಡ್ಲಿ ಎಂದು ಕೇಳಿಕೊಂಡು ಒಳಗೆ ಹೋದ.