ಬೀದಿಯನ್ನು ಮರಳಿ ಪಡೆದ ಊರು

ಕೋಪನ್‌ಹೇಗನ್‌ಗೆ ಹೋಗಿಬಂದವರ ಫೋಟೊಗಳಲ್ಲಿ ಬಂಡೆಯ ಮೇಲೆ ಕೂತ ಮತ್ಸ್ಯಕನ್ಯೆ ಇದ್ದೇ ಇರುತ್ತಾಳೆ. ಲಾಂಗೆಲಿನಿಯ ದಡದಲ್ಲಿ 1913ರಿಂದ ಕೂತಿರುವ ಈ ಕಂಚಿನ ಹುಡುಗಿಯ ಎತ್ತರ ಒಂದೂಕಾಲು ಮೀಟರ್ ಅಷ್ಟೆ. ಆಂಡರ್ಸನ್ ಕಥೆ ಓದಿ ಬೆಳೆದವರಿಗೆ ಅವಳನ್ನು ಕಣ್ಣಾರೆ ನೋಡುವ ಆಸೆ ಸಹಜ, ನೋಡಿ ಬನ್ನಿ. ಆದರೆ ಎರಡು ದಿನಕ್ಕೆಂದು ಬಂದವರು ಪ್ರತಿಮೆ, ಅರಮನೆ, ಟಿವೊಲಿ ಉದ್ಯಾನ ಎಂದು ಪಟ್ಟಿ ಹಿಡಿದು ಓಡಾಡಿದರೆ ಈ ಊರಿನ ಜೀವಕಳೆ ಕೈತಪ್ಪಿಹೋಗುತ್ತದೆ. ಅದಿರುವುದು ಬೀದಿಯಲ್ಲಿ.

ಅದು ತಾನಾಗಿ ಬಂದದ್ದೂ ಅಲ್ಲ. ಪುರಭವನದ ಚೌಕದಿಂದ ಹೊರಟು ಒಂದು ಕಿಲೊಮೀಟರಿಗೂ ಮಿಕ್ಕಿ ಸಾಗುವ ಸ್ಟ್ರೋಯೆಟ್ ಇಂದು ಜಗತ್ತಿಗೆಲ್ಲ ಗೊತ್ತಿರುವ ಪಾದಚಾರಿ ಬೀದಿ. 1962ರ ನವೆಂಬರಿನಲ್ಲಿ ಅದನ್ನು ಪ್ರಯೋಗಕ್ಕೆಂದು ಕಾರುಗಳಿಗೆ ಮುಚ್ಚಿದಾಗ ವ್ಯಾಪಾರಿಗಳು ಕಂಗಾಲಾಗಿದ್ದರು. ಕಾರು ಬಾರದಿದ್ದರೆ ಗಿರಾಕಿ ಎಲ್ಲಿಂದ ಬರಬೇಕು? ಬೀದಿಯಲ್ಲಿ ಕೂತು ಹರಟುವುದು ಇಟಲಿಯವರ ಬಿಸಿಲಿಗೆ ಸರಿ, ನಮ್ಮ ಚಳಿಗಾಳಿಗೆ ಒಗ್ಗದು ಎಂಬ ವಾದವೂ ಇತ್ತು. ಜನ ಬಂದರು. 1964ರಲ್ಲಿ ಪ್ರಯೋಗ ಕಾಯಂ ಆಯಿತು. ಯಾನ್ ಗೆಲ್ ಎಂಬ ತರುಣ ವಾಸ್ತುಶಿಲ್ಪಿ ಇದೇ ಬೀದಿಗಳಲ್ಲಿ ನಿಂತು, ಎಷ್ಟು ಜನ ನಡೆಯುತ್ತಾರೆ, ಎಲ್ಲಿ ಕೂರುತ್ತಾರೆ, ಯಾವ ಗೋಡೆಗೆ ಒರಗುತ್ತಾರೆ ಎಂದು ಎಣಿಸುತ್ತಾ ಹೋದರು. ಎಲ್ಲ ಊರುಗಳೂ ವಾಹನಗಳನ್ನು ಎಣಿಸುತ್ತಿದ್ದ ಕಾಲದಲ್ಲಿ ಮನುಷ್ಯರನ್ನು ಎಣಿಸಿದ್ದು ದೊಡ್ಡ ಕೆಲಸವೆಂದೇ ನನ್ನ ಭಾವನೆ.

ಬೀದಿಯ ಆ ತುದಿಯ ಚೌಕ ದಾಟಿದರೆ ನ್ಯೂಹಾವ್ನ್. ಹದಿನೇಳನೆಯ ಶತಮಾನದಲ್ಲಿ ಅಗೆದ ಕಾಲುವೆ, ದಡದುದ್ದಕ್ಕೂ ಹಳದಿ, ಕೆಂಪು, ನೀಲಿ ಮನೆಗಳು. ಆಂಡರ್ಸನ್ ಇಲ್ಲಿಯ ಬೇರೆಬೇರೆ ಮನೆಗಳಲ್ಲಿ ವರ್ಷಗಟ್ಟಲೆ ಬಾಡಿಗೆಗಿದ್ದ. ಒಂದು ಕಾಲಕ್ಕೆ ಇದು ನಾವಿಕರ ಹೆಂಡದಂಗಡಿಗಳ ಕೇರಿ. ಆಮೇಲೆ ದಡದಲ್ಲಿ ಕಾರುಗಳು ಸಾಲುಗಟ್ಟಿದವು. 1980ರಲ್ಲಿ ಅವನ್ನು ತೆರವು ಮಾಡಿ ಜನರಿಗೆ ಬಿಟ್ಟುಕೊಟ್ಟರು. ಈಗ ಅಲ್ಲಿಯ ಕೆಫೆಗಳ ಹೊರಗಿನ ಕುರ್ಚಿಗಳ ಮೇಲೆ ಒಂದೊಂದು ಕಂಬಳಿ ಮಡಿಸಿಟ್ಟಿರುತ್ತಾರೆ. ಮೊಣಕಾಲಿಗೆ ಅದನ್ನು ಹೊದ್ದು, ಚಳಿಯಲ್ಲೂ ಹೊರಗೇ ಕೂತು ಕಾಫಿ ಕುಡಿಯುತ್ತಾರೆ. ನಮಗೆ ಒಗ್ಗದು ಎಂದಿದ್ದ ಊರು ಒಗ್ಗಿಸಿಕೊಂಡಿತು.

ಬಂದರಿನ ನೀರಿನದೂ ಇದೇ ಕಥೆ. ಕೊಳಚೆ ಬಂದು ಸೇರುತ್ತಿದ್ದ ನೀರು ಅದು. ಜೋರು ಮಳೆಯಾದಾಗ ಉಕ್ಕುವ ಚರಂಡಿ ನೀರನ್ನು ಹಿಡಿದಿಡಲು ನೆಲದಡಿ ತೊಟ್ಟಿಗಳನ್ನು ಕಟ್ಟಿ, ಬಂದರಿಗೆ ತೆರೆದಿದ್ದ ಬಾಯಿಗಳನ್ನು ಒಂದೊಂದಾಗಿ ಮುಚ್ಚಿದರು. 2002ರ ಬೇಸಿಗೆಯಲ್ಲಿ ಇಸ್ಲಾಂಡ್ಸ್ ಬ್ರೂಗೆಯಲ್ಲಿ ಈಜುವ ಕಟ್ಟೆ ತೆರೆಯಿತು. ರಾಜಧಾನಿಯ ನಟ್ಟನಡುವೆ, ಬಂದರಿನ ನೀರಿಗೆ ಮಕ್ಕಳು ಧುಮುಕುತ್ತಾರೆ!

ಪಟ್ಟಿಯಲ್ಲಿ ಒಂದನ್ನಾದರೂ ಉಳಿಸಿಕೊಳ್ಳಬೇಕೆಂದರೆ ದುಂಡು ಗೋಪುರ ಇರಲಿ. 1642ರಲ್ಲಿ ಮುಗಿದ ಆ ವೀಕ್ಷಣಾಲಯಕ್ಕೆ ಮೆಟ್ಟಿಲ ಬದಲು ಇಟ್ಟಿಗೆ ಹಾಸಿದ ಅಗಲವಾದ ಇಳಿಜಾರು ದಾರಿ ಸುತ್ತಿಕೊಂಡು ಮೇಲೇರುತ್ತದೆ. ಕೊನೆಯ ಒಂದಿಷ್ಟು ಮೆಟ್ಟಿಲು ಬಿಟ್ಟರೆ ಮಾತಾಡುತ್ತಲೇ ಹತ್ತಬಹುದು.

ಮಿಕ್ಕ ಹೊತ್ತನ್ನು ರಾಣಿ ಲೂಯಿಸಳ ಸೇತುವೆಗೆ ಕೊಡಿ. ನಡುವೂರಿನಿಂದ ನೊರೆಬ್ರೊ ಬಡಾವಣೆಗೆ ಕೆರೆಗಳ ಮೇಲೆ ಹಾದುಹೋಗುವ ಸೇತುವೆ. ದಿನಕ್ಕೆ ಹತ್ತಾರು ಸಾವಿರ ಸೈಕಲ್‌ಗಳು ಇದರ ಮೇಲೆ ಓಡುತ್ತವೆ. ಸೈಕಲ್ ದಾರಿ ರಸ್ತೆಗಿಂತ ತುಸು ಎತ್ತರ, ಕಾಲುದಾರಿಗಿಂತ ತುಸು ತಗ್ಗು. ಪ್ರವಾಸಿಗರು ಅರಿಯದೆ ಅದರ ಮೇಲೆ ಕಾಲಿಟ್ಟರೆ ಬೆನ್ನ ಹಿಂದೆ ಗಂಟೆ ಬಾರಿಸುತ್ತದೆ. ನಿಲ್ಲುವವರು ಕೈ ಎತ್ತುತ್ತಾರೆ, ತಿರುಗುವವರು ಕೈ ಚಾಚುತ್ತಾರೆ. ಮುಂದೆ ಮರದ ಪೆಟ್ಟಿಗೆ ಕಟ್ಟಿದ ಮೂರು ಗಾಲಿಯ ಸೈಕಲ್ಲಿನಲ್ಲಿ ಎರಡು ಮಕ್ಕಳು, ತರಕಾರಿ ಚೀಲ, ಹಿಂದೆ ತುಳಿಯುತ್ತಿರುವ ತಾಯಿ. ಸೂಟು ತೊಟ್ಟವರು, ಮುದುಕರು, ಕಾಲೇಜು ಹುಡುಗಿಯರು, ಎಲ್ಲರೂ ಒಂದೇ ಹರಿವಿನಲ್ಲಿ. ಸೇತುವೆ ದಾಟಿದ ಮೇಲಿನ ನೊರೆಬ್ರೊ ರಸ್ತೆಯಲ್ಲಿ ಸಿಗ್ನಲ್ ದೀಪಗಳನ್ನು ಹೊಂದಿಸಿರುವುದೂ ಸೈಕಲ್ಲಿನ ವೇಗಕ್ಕೇ: ಗಂಟೆಗೆ 20 ಕಿಲೊಮೀಟರಿನಂತೆ ತುಳಿದರೆ ಹಸಿರು ದೀಪ ಒಂದಾದ ಮೇಲೊಂದು ಸಿಗುತ್ತಾ ಹೋಗುತ್ತದೆ.

ಇದಕ್ಕಾಗಿ ಜನ ಹೋರಾಡಿದ್ದರು ಎನ್ನುವುದನ್ನು ಮರೆಯಬಾರದು. 1973ರ ತೈಲ ಬಿಕ್ಕಟ್ಟಿನಲ್ಲಿ ಭಾನುವಾರಗಳಂದು ಕಾರು ಓಡಿಸುವುದನ್ನು ಸರ್ಕಾರ ನಿಷೇಧಿಸಿದಾಗ ರಸ್ತೆ ಎಷ್ಟು ವಿಶಾಲವೆಂಬುದು ಅವರಿಗೆ ಕಂಡಿತು. ಮುಂದೆ ಸೈಕಲ್ ಸವಾರರು ಸಾವಿರಗಟ್ಟಲೆ ಸೇರಿ ಮೆರವಣಿಗೆ ಮಾಡಿದರು. ತಮ್ಮವರು ಅಪಘಾತದಲ್ಲಿ ಸತ್ತ ಜಾಗಗಳಲ್ಲಿ ರಸ್ತೆಯ ಮೇಲೆ ಬಿಳಿ ಶಿಲುಬೆ ಬರೆದರು. ಇಂದು ಆ ಸೇತುವೆಯ ಬೆಂಚಿನಲ್ಲಿ ಬಿಸಿಲಿಗೆ ಮುಖವೊಡ್ಡಿ ಕೂತವರ ನೆಮ್ಮದಿಯ ಹಿಂದೆ ಆ ಹಠವಿದೆ. ಪ್ರವಾಸಿ ಕೈಪಿಡಿಗಳು ಅರಮನೆಯ ರಾಜರ ಇತಿಹಾಸ ಹೇಳುವಷ್ಟೇ ಶ್ರದ್ಧೆಯಿಂದ ಇದನ್ನೂ ಹೇಳಬೇಕು.

ಹೋಗುವವರಿದ್ದರೆ ಬೇಸಿಗೆಯಲ್ಲಿ ಹೋಗಿ. ಒಳ್ಳೆಯ ಷೂ, ಗಾಳಿ ತಡೆಯುವ ಜಾಕೆಟ್ ಜೊತೆಗಿರಲಿ. ಒಂದು ಇಡೀ ಸಂಜೆಯನ್ನು ಏನೂ ಗೊತ್ತುಮಾಡಿಕೊಳ್ಳದೆ ಖಾಲಿ ಬಿಡಿ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ಅಲ್ಲಿಯವರೆಗೂ ಬೀದಿಯಲ್ಲಿ ಜನ ಇರುತ್ತಾರೆ.